ಐದನೆಯ ಮೊಳ

ಹೊಸದಾಗಿ ಪ್ಯಾಟಿಗೆ ಬಂದು ಅಂಗಡಿ ತೆಗೆಯುವವರಿಗೆ ನಾನು ಹೇಳುವ ಮೊದಲ ಮಾತು ಇದು: ನಿಮಗೆ ಬೇಕಾದದ್ದಕ್ಕಿಂತ ಹೆಚ್ಚು ಕೇಳಿರಿ. ಎದುರಿನವನು ಜಗ್ಗಿ ಇಳಿಸುತ್ತಾನೆ, ಇಳಿಸಿದೆನೆಂದು ಖುಷಿಪಡುತ್ತಾನೆ, ನಿಮಗೆ ಬೇಕಾದದ್ದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಕಮಲಾಪುರದಿಂದ ಕೆಂಪು ಬಾಳೆಗೊನೆಯ ಗಾಡಿಯ ಹಿಂದೆ ನಡೆದುಕೊಂಡು ಕಲಬುರಗಿಗೆ ಬಂದವನು ಇವತ್ತು ತೊಗರಿ ಅಡತಿ ಅಂಗಡಿ ಇಟ್ಟಿದ್ದೇನೆಂದರೆ ಈ ಒಂದು ಮಾತಿನಿಂದ. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ನನ್ನ ಮಾತು ಮೀರಿ ಗೆದ್ದವರನ್ನು ಒಬ್ಬರನ್ನೇ ಕಂಡೆ. ಅವರು ತೀರಿಕೊಂಡರೆಂಬ ಸುದ್ದಿ ಮೊನ್ನೆ ನಾನು ಕಮಲಾಪುರದಲ್ಲಿದ್ದಾಗ ಬಂತು.

ನಮಗೆಲ್ಲ ಅವರು ಬರೀ ರಾಯರು. ಅದಾಲತ್ತಿನಲ್ಲಿ ಪೇಶಕಾರರಾಗಿದ್ದವರು. ಮುನಸೀಫರ ಮುಂದೆ ಕಾಗದ ಇಟ್ಟು ಉರ್ದೂವಿನಲ್ಲಿ ಓದಿ ಹೇಳುವ ಕೆಲಸ. ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಹೊರಗೆ ಬಂದರೆ ಉರ್ದೂ, ದೇವರ ಕೋಣೆಯಲ್ಲಿ ಸಂಸ್ಕೃತ. ನಾಲ್ಕು ಭಾಷೆ ಬಲ್ಲವರು ಯಾವುದರಲ್ಲೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಣಗಿದ ಮೈ, ಗುಂಡಿ ಪೂರ್ತಿ ಹಾಕಿದ ಕೋಟು, ಪಗಡಿ, ಕಂಕುಳಲ್ಲಿ ಕರಿ ಛತ್ರಿ. ಬಿಸಿಲಿರಲಿ ಮೋಡವಿರಲಿ ಛತ್ರಿ ಬಿಟ್ಟು ಮನೆ ದಾಟಿದವರಲ್ಲ.

ಮೊದಲು ನನಗೆ ಅವರ ಮೇಲೆ ಸಿಟ್ಟೇ ಇತ್ತು. ಶರಣಬಸವೇಶ್ವರ ಗುಡಿಯ ಕಡೆ ಕಾಯಿಪಲ್ಲೆ ಮಾರುವ ಒಬ್ಬ ಮುದುಕಿ ಕೂಡುತ್ತಿದ್ದಳು, ಬಾಯಲ್ಲಿ ನನಗೇ ಗುರು ಆಗಬೇಕಾದವಳು. ರಾಯರು ಬಂದು ಬದನೆಕಾಯಿ ಹೇಗೆ ಅನ್ನುತ್ತಿದ್ದರು. ಅವಳು ರೂಢಿಯಂತೆ ಏರಿಸಿ ಹೇಳುತ್ತಿದ್ದಳು. ರಾಯರು ಸರಿ ಅಂತ ತಲೆ ಅಲ್ಲಾಡಿಸಿ ಹೊರಟುಬಿಡುತ್ತಿದ್ದರು. ಅವಳು ಹಿಂದಿನಿಂದ ಕೂಗಿ ಕೂಗಿ ಇಳಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಕೆಲವು ದಿನ ಹೀಗಾದ ಮೇಲೆ ಮುದುಕಿ ಅವರೊಬ್ಬರಿಗೆ ಮಾತ್ರ ಖರೇ ಬೆಲೆಯನ್ನೇ ಮೊದಲು ಹೇಳತೊಡಗಿದಳು. ನಾನು ಹೇಳಿದೆ, "ಮುದುಕಿ, ವ್ಯಾಪಾರ ಕೆಡಸಾಕತ್ತೀದಿ ನೀ."

"ಏನ್ ಮಾಡ್ಲಿ ಯಪ್ಪಾ," ಅಂದಳು. "ಆ ಮನಷ್ಯಾಗ ಎರಡನೇ ಸಲ ಕೇಳೂದು ಗೊತ್ತೇ ಇಲ್ಲ."

ಇಂಥವರು ನೌಕರಿ ಬಿಟ್ಟ ಮೇಲೆ ಒಂದು ಕಾಯಿದೆ ಕೇಳಲು ಹೊರಟರು. ಊರಲ್ಲಿ ಯಾರಾದರೂ ನಾಯಿಯನ್ನೋ ಆಡನ್ನೋ ಬಯಲಲ್ಲಿ ಕಟ್ಟಿದರೆ ಅದಕ್ಕೆ ನೆರಳು ಮಾಡಿಕೊಡಬೇಕು, ಮಾಡದಿದ್ದರೆ ಜುರ್ಮಾನಾ ಕೊಡಬೇಕು. ಇಷ್ಟೇ.

ನಾಯಿಯ ಮೇಲೆ ಅವರಿಗೆ ಪ್ರೀತಿ ಅಂತ ತಿಳಿಯಬೇಡಿರಿ. ಮಡಿಯ ಮನೆ. ನಾಯಿ ಹತ್ತಿರ ಸುಳಿದರೆ ಧೋತರ ಎತ್ತಿ ಹಿಡಿಯುವವರು. ಬೆಕ್ಕು ಅಂಗಳಕ್ಕೆ ಬಂದರೆ ಛತ್ರಿ ತುದಿಯಿಂದ ಓಡಿಸುವವರು. ನಾನೊಮ್ಮೆ ಕೇಳಿಯೇಬಿಟ್ಟೆ, "ರಾಯರ, ನಿಮಗ ಪ್ರಾಣಿ ಕಂಡ್ರ ಆಗಿಬರಂಗಿಲ್ಲ. ನಿಮಗ್ಯಾಕ್ರಿ ಇದು?"

"ಪ್ರೀತಿ ಇದ್ದಾವ್ರಿಗೆ ಕಾಯಿದಾ ಯಾಕ ಬೇಕ್ರಿ ಸಾವಕಾರ್ರ?" ಅಂದರು. "ಅವ್ರು ಹಂಗೇ ನೆರಳಾಗ ಕಟ್ಟತಾರ. ಕಾಯಿದಾ ಬೇಕಾದದ್ದು ನನ್ನಂಥಾವ್ರಿಗೆ."

ಇನ್ನೊಮ್ಮೆ ತಾವಾಗಿಯೇ ಹೇಳಿದರು. ಅದಾಲತ್ತಿಗೆ ಬೇಡಿ ಹಾಕಿ ತಂದವರನ್ನು ಕೂಗುವವರೆಗೂ ಬೇವಿನ ಗಿಡದ ಕೆಳಗೆ ಕೂಡಿಸುತ್ತಿದ್ದರಂತೆ. ಗಿಡದ ನೆರಳು ಸರಿದಂತೆ ಅವರನ್ನೂ ಸರಿಸಿ ಕೂಡಿಸುವುದು ಸಿಪಾಯಿಯ ಕೆಲಸ. "ಕೊಲಿ ಮಾಡಿದಾವಗ ಅಷ್ಟು ಮಾಡ್ತಿದ್ವಿ. ಬಿಚ್ಚಿ ಬಿಟ್ಟ ನಾಯಿ ತನ್ನ ನೆರಳ ತಾನ ಹುಡುಕ್ಕೋತದ, ಅದಕ್ಕ ನಾ ಏನೂ ಕೇಳಂಗಿಲ್ಲ. ಕಟ್ಟಿದಾವ ಅದರ ನೆರಳ ಕಸಗೊಂಡಾನ. ಕಸಗೊಂಡಾವ ತಿರುಗಿ ಕೊಡಬೇಕು."

ಅವರು ವಾದ ಮಾಡುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ನಮ್ಮ ಅಡತಿಯ ಎದುರಿಗೇ ಒಂದು ಹತ್ತಿ ಗಿರಣಿ. ಅದರ ಮಾಲಕರನ್ನು ಎಲ್ಲರೂ ಗಿರಣಿ ಧಣಿ ಅನ್ನುತ್ತಿದ್ದರು. ಊರ ಕಮಿಟಿಯಲ್ಲಿ ವ್ಯಾಪಾರಸ್ಥರ ಪರವಾಗಿ ಕೂಡುತ್ತಿದ್ದವರೂ ಅವರೇ. ದೊಡ್ಡ ಹೊಟ್ಟೆ, ದೊಡ್ಡ ನಗು, ಮನುಷ್ಯ ಕೆಟ್ಟವರಲ್ಲ. ಅವರ ಗಿರಣಿಯ ಬಾಗಿಲು ಪಶ್ಚಿಮಕ್ಕೆ. ಬಾಗಿಲ ಹೊರಗೆ ಒಂದು ಕಲ್ಲುಗೂಟ, ಗೂಟಕ್ಕೆ ಕಂದು ನಾಯಿ. ಮುಂಜಾನೆ ಗೋಡೆಯ ನೆರಳು ನಾಯಿಯ ಮೇಲಿರುತ್ತಿತ್ತು. ಹೊತ್ತು ನೆತ್ತಿ ದಾಟಿದರೆ ನೆರಳು ಗೋಡೆಯ ಒಳಮಗ್ಗುಲಿಗೆ ಹೋಗುತ್ತಿತ್ತು, ನಾಯಿ ಹೊರಗೇ ಉಳಿಯುತ್ತಿತ್ತು. ನಮ್ಮ ಕಡೆಯ ವೈಶಾಖದ ಬಿಸಿಲು ಹೇಗಿರುತ್ತದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಗೂಟ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು.

ಒಂದು ಮಧ್ಯಾಹ್ನ ನೋಡುತ್ತೇನೆ, ರಾಯರು ಆ ನಾಯಿಗೆ ಛತ್ರಿ ಹಿಡಿದು ನಿಂತಿದ್ದಾರೆ. ಮುಟ್ಟಬಾರದೆಂದು ಛತ್ರಿಯ ಹಿಡಿಕೆಗೆ ಒಂದು ಬಿದಿರುಕೋಲು ಕಟ್ಟಿ ಉದ್ದ ಮಾಡಿಕೊಂಡಿದ್ದಾರೆ. ಛತ್ರಿ ನಾಯಿಯ ಮೇಲೆ, ತಾವು ಬಿಸಿಲಲ್ಲಿ. ಹಮಾಲರು ಚೀಲ ಇಳಿಸಿ ನೋಡುತ್ತಾರೆ, ಗಾಡಿಯವರು ನಿಲ್ಲಿಸಿ ನೋಡುತ್ತಾರೆ. ಕಡೆಗೆ ಧಣಿಯೇ ಹೊರಗೆ ಬಂದರು.

"ರಾಯರ, ಒಳಗ ಬರ್ರಿ. ತಣ್ಣಗ ಮಜ್ಜಿಗಿ ಕುಡೀರಿ."

"ನಾ ಇಲ್ಲಿ ಆರಾಮ ಇದ್ದೀನ್ರಿ. ನಿಮ್ಮ ನಾಯಿ ಇಲ್ಲ."

"ಅದು ನಾಯಿ, ರಾಯರ. ಅದಕ್ಕ ರೂಢಿ ಅದ."

"ನನಗೂ ರೂಢಿ ಆಗ್ತದ, ನಾಕ ದಿನಾ ನಿಂತ್ರ."

ಧಣಿ ನಕ್ಕರು, ಹಮಾಲರೂ ನಕ್ಕರು. ಆದರೆ ಮರುದಿನವೂ ರಾಯರು ನಿಂತರು. ಛತ್ರಿ ಸರಿಸಲು ಒಮ್ಮೆ ಹತ್ತಿರ ಬಂದಾಗ ನಾಯಿ ಅವರ ಪಾದ ನೆಕ್ಕಿತು. ಅವರ ಮುಖ ಹುಣಸೆಹಣ್ಣು ಕಚ್ಚಿದವರ ಹಾಗಾಯಿತು. ಕಾಲು ಮಾತ್ರ ಕದಲಿಸಲಿಲ್ಲ, ಹಿಡಿದ ಕೋಲು ಅಲ್ಲಾಡಲಿಲ್ಲ. ಹೊತ್ತಿಳಿದ ಮೇಲೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರಂತೆ. ಅವರ ಮನೆಯವರು, ಅಂದರೆ ಹೆಂಡತಿ, ಆಗಲೇ ಬಾವಿಯ ಹತ್ತಿರ ಬಿಂದಿಗೆ ತುಂಬಿಟ್ಟು ಕಾಯುವ ರೂಢಿ ಮಾಡಿಕೊಂಡಿದ್ದರು. "ಇವತ್ತ ಯಾರ ಮನಿ ನಾಯಿರಿ?" ಎಂದು ಕೇಳುತ್ತಿದ್ದರಂತೆ, ಬೇರೆಯವರು ಇವತ್ತು ಏನು ಪಲ್ಯ ಅಂತ ಕೇಳುವ ಹಾಗೆ.

ಕಮಿಟಿಯಲ್ಲಿ ಮಾತು ಬಂದಾಗ ನಾನೂ ಹೋಗಿ ಹಿಂದೆ ನಿಂತಿದ್ದೆ. ಕಮಿಟಿಗೆ ಅಧ್ಯಕ್ಷರಾದ ಸದರ ಸಾಹೇಬರು ಹೈದರಾಬಾದಿನ ಕಡೆಯವರು, ಬಹಳ ಅದಬಿನ, ಮರ್ಯಾದೆಯ ಮನುಷ್ಯ. ಅವರು ಹೇಳಿದರು, "ರಾಯ ಸಾಹೇಬ, ಆದ್ಮಿಗೇ ನೆರಳಿಲ್ಲದ ಊರಾಗ ನೀವು ನಾಯಿ-ಕುತ್ತಾಗ ಕಾನೂನ ಕೇಳ್ತೀರಲ್ರಿ."

"ಆದ್ಮಿನ್ನ ಯಾರೂ ಸರಪಳಿ ಹಾಕಿ ಕಟ್ಟಿಲ್ಲ ಸಾಹೇಬ್ರ. ಕಟ್ಟಿದ್ರ ಅವಗೂ ಕೇಳ್ತೀನಿ."

ಇನ್ನೊಬ್ಬ ಸದಸ್ಯ, "ಮುಂದಿನ ವರ್ಷ ಕೋಳಿಗೆ ಕೌದಿ ಕೇಳ್ತಾರ್ರಿ ಇವ್ರು," ಅಂದ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ರಾಯರು, "ಕೋಳಿ ಕಟ್ಟಂಗಿಲ್ರಿ," ಅಂದರು.

ಬಾಗಿಲಲ್ಲಿ ಅವರನ್ನು ಹಿಡಿದು ನಾನು ಬುದ್ಧಿ ಹೇಳಿದೆ. "ರಾಯರ, ಹಿಂಗ ಕೇಳಬಾರದು. ಚಪ್ಪರ ಕೇಳ್ರಿ, ಹೊತ್ತಹೊತ್ತಿಗೆ ನೀರು ಕೇಳ್ರಿ, ಮಳಿಗಾಲಕ್ಕ ತಗಡು ಕೇಳ್ರಿ, ನೋಡಾಕ ಒಬ್ಬ ಜವಾನನ್ನ ಕೇಳ್ರಿ. ಅವ್ರು ತಗಡು ಜವಾನ ಎರಡೂ ಕಡೀತಾರ, ನಿಮಗ ನೆರಳು ಸಿಗ್ತದ."

"ತಗಡು ನನಗ ಬೇಕಾಗಿಲ್ಲಲ್ರಿ."

"ಬೇಕಾಗಿಲ್ಲಂತನೇ ಕೇಳಬೇಕ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಅರ್ಥವಾಗಲಿಲ್ಲ ಅಂತಲ್ಲ. ಅವರಿಗೆ ನನ್ನ ಮೇಲೆ ಕನಿಕರ ಬಂದ ಹಾಗಿತ್ತು.

ಛತ್ರಿಯ ನಾಚಿಕೆಗೋ ಸದರ ಸಾಹೇಬರ ಅದಬಿಗೋ, ಬಯಲಲ್ಲಿ ಕಟ್ಟಿದ ಪ್ರಾಣಿಗೆ ನೆರಳು ಮಾಡಬೇಕು, ಬಾನಿಯಲ್ಲಿ ನೀರಿಡಬೇಕು ಅಂತ ಕಮಿಟಿ ಹುಕುಂ ಮಾಡಿತು. ಡಂಗುರ ಹೊಡೆದರು. ನಾನು ಪೇಢೆ ತೆಗೆದುಕೊಂಡು ರಾಯರ ಮನೆಗೆ ಹೋಗಿ ಕಟ್ಟೆಯ ಮೇಲಿಟ್ಟು ಬಂದೆ.

ಪೇಢೆ ಹಳಸುವ ಮೊದಲೇ ಹುಕುಂ ಹಳಸಿತು. ಎಲ್ಲರೂ ಎರಡು ಕೋಲು ನೆಟ್ಟು ಹರಕು ಗೋಣಿತಟ್ಟು ಕಟ್ಟಿದರು. ಗೋಣಿಯ ನೆರಳು ನೆತ್ತಿಯ ಹೊತ್ತಿಗೆ ಗೂಟದ ಮೇಲಿರುತ್ತಿತ್ತು, ಆಮೇಲೆ ಸರಿದು ಆಚೆ ಬೀಳುತ್ತಿತ್ತು. ಸರಪಳಿ ಗೇಣುದ್ದ. ನಾಯಿ ಬಿಸಿಲಲ್ಲಿ ಕೂತು ತನ್ನ ನೆರಳನ್ನು ತಾನೇ ನೋಡುತ್ತಿತ್ತು. ಹುಕುಮಿನ ಪ್ರಕಾರ ತಪ್ಪು ಯಾರದೂ ಇಲ್ಲ: ನೆರಳಿದೆ, ನಾಯಿ ಇದೆ.

ರಾಯರು ಮತ್ತೆ ಗಿರಣಿಯ ಮುಂದೆ ಬಂದರು. ಈ ಸಲ ಕಿಸೆಯಲ್ಲಿ ಕಲ್ಲುಹರಳು. ಗೋಡೆಯ ನೆರಳು ಎಲ್ಲಿ ಮುಟ್ಟುತ್ತದೋ ಅಲ್ಲಿ ಒಂದು ಹರಳು, ಆಮೇಲೆ ಮುಂದೆ ಇನ್ನೊಂದು. ಬಾಗಿಲು ದಾಟಿ ಗೋಡೆಯ ಒಳಮಗ್ಗುಲಿಗೂ ಹರಳು ಹೋದವು. ಸಂಜೆ ಗೂಟದಿಂದ ಕೊನೆಯ ಹರಳಿನವರೆಗೆ ಮೊಳ ಹಾಕಿ ಅಳೆದರು. ಐದು ಮೊಳ. ಅವತ್ತಿನಿಂದ ಅವರ ಬಾಯಲ್ಲಿ ಬಂದದ್ದು ಇದೊಂದೇ: ಸರಪಳಿ ಐದು ಮೊಳ ಇರಬೇಕು. ನೆರಳಿಗೆ ಕಾಲು ಅದಾವ, ಗೂಟಕ್ಕ ಇಲ್ಲ. ಸರಪಳಿ ಉದ್ದ ಇದ್ದರೆ ನಾಯಿ ತಾನೇ ನೆರಳಿನ ಹಿಂದೆ ಹೋಗುತ್ತದೆ.

ಧಣಿ ಈಗ ನಗಲಿಲ್ಲ. "ಸರಪಳಿ ಉದ್ದ ಆದ್ರ ನಾಯಿ ಗಾಡಿ ಗಾಲಿಗೆ ಸಿಗತದ, ಇಲ್ಲಾ ಗಿರಾಕಿ ಕಾಲಿಗೆ ಬಾಯಿ ಹಾಕತದ. ಹೊರಗ ಕಾಯಾಕ ಕಟ್ಟಿದ್ದು, ಒಳಗ ಹೋಗಿ ಮಲಗಿದ್ರ ಕಾಯಾವ್ರು ಯಾರು?" ಅಂದರು. ಅದೂ ಸುಳ್ಳಲ್ಲ. ಕಮಿಟಿಯ ಸದರ ಸಾಹೇಬರು ಕೈ ಝಾಡಿಸಿದರು: ವ್ಯಾಪಾರಸ್ಥರು ಒಪ್ಪಿದರೆ ಹುಕುಮಿನಲ್ಲಿ ಸೇರಿಸುತ್ತೇನೆ, ಒಪ್ಪದಿದ್ದರೆ ಇಲ್ಲ.

ರಾಯರು ಮತ್ತೆ ಛತ್ರಿ ಬಿಚ್ಚಿದರು.

ಅದೇ ವಾರ ಅವರ ಮನೆಯವರು ನನ್ನನ್ನು ಕರೆಸಿದರು. ಬಾಗಿಲ ಮರೆಗೆ ನಿಂತು ಹೇಳಿದರು, "ನಿನ್ನಿ ಮನಿಗೆ ಬಂದಾವ್ರು ಬಾವಿ ಕಟ್ಟಿ ಮ್ಯಾಲ ಕೂತುಬಿಟ್ರು. ಹೆಸರ ಹಿಡದ ಕರದ್ರೂ ತಿಳೀಲಿಲ್ಲ ಅವ್ರಿಗೆ. ಎಂದೂ ಹೆಸರ ಹಿಡದಾಕಿ ಅಲ್ಲ ನಾ. ನೀವು ವ್ಯಾಪಾರದವ್ರು, ಏನಾರ ಮಾಡಿ ಇದನ್ನ ಮುಗಸ್ರಿ. ಈ ಬ್ಯಾಸಿಗಿ ಅವರ ತಲಿ ತಾಳಂಗಿಲ್ಲ."

ನಾನು ಒಳಗೆ ಹೋಗಿ ರಾಯರಿಗೆ ಹೇಳಿದೆ, ಬಿಡ್ರಿ, ಮಳೆಗಾಲದಾಗ ನೋಡೋಣ. ಅವರು ಒದ್ದೆ ಪಂಚೆ ತಲೆಗೆ ಸುತ್ತಿಕೊಂಡು ಗೋಡೆಗೆ ಒರಗಿದ್ದರು. "ಮಳಿಗಾಲದಾಗ ಬಿಸಿಲಿನ ಮಾತು ಯಾರ ಕೇಳ್ತಾರ್ರಿ?" ಅಂದರು.

ಆಗ ನಾನು ನನಗೆ ಗೊತ್ತಿರುವ ದಾರಿ ಹಿಡಿದೆ. ನಮ್ಮ ಪ್ಯಾಟಿಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ರುಮಾಲಿನ ಕೆಳಗೆ ಕೈಯಲ್ಲಿ ಕೈ ಇಟ್ಟು ಬೆರಳು ಹಿಡಿಯುತ್ತೇವೆ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಪೂರ್ತಿ ಪಂಜಾ ಹಿಡಿದರೆ ಐದು. ಸುತ್ತ ನಿಂತವರಿಗೆ ರುಮಾಲು ಅಲ್ಲಾಡುವುದಷ್ಟೇ ಕಾಣುತ್ತದೆ. ಸೌದಾ ಕುದುರುವ ಮೊದಲು ಕೈ ಎಳೆದುಕೊಂಡವನಿಗೆ ಹಮಾಲರು ಸೀಟಿ ಹೊಡೆಯುತ್ತಾರೆ. ಗಿರಣಿ ಧಣಿ ತಾನು ಎಂದೂ ಮೊದಲು ಕೈ ಎಳೆದವನಲ್ಲ ಅಂತ ಹೇಳಿಕೊಳ್ಳುತ್ತಿದ್ದರು, ಅದು ಖರೇ ಕೂಡ.

ಮೊದಲು ನಾನೇ ಧಣಿಯ ಜೊತೆ ಕೂತೆ. ಸರಪಳಿ ಎರಡು ಮೊಳ ಅಂತ ಅವರು ಎರಡು ಬೆರಳು ಹಿಡಿದರು. ನಾನು ಎರಡೂ ಕೈ ಹಿಡಿದು ಹತ್ತು ತೋರಿಸಿದೆ. ಎಳೆದಾಡಿ ಎಳೆದಾಡಿ ನಾಲ್ಕಕ್ಕೆ ತಂದೆ. ಎರಡು ಅಂದವರನ್ನು ನಾಲ್ಕಕ್ಕೆ ತರುವುದೆಂದರೆ ಸಣ್ಣ ಮಾತಲ್ಲ, ವ್ಯಾಪಾರ ಬಲ್ಲವರು ಬಲ್ಲರು. "ನಾಳಿ ರಾಯರನ್ನ ಕರಕೊಂಡ ಬರ್ರಿ. ಎಲ್ಲಾರ ಮುಂದ ಕೈ ಹಾಕ್ಲಿ, ನಾಲ್ಕಕ್ಕ ಮುಗಸೋಣ," ಅಂದರು ಧಣಿ.

ಸಂಜೆ ರಾಯರಿಗೆ ಬೆರಳುಗಳನ್ನೆಲ್ಲ ಕಲಿಸಿದೆ. ಏರಿಸುವುದು ಹೇಗೆ, ಇಳಿಸುವುದು ಹೇಗೆ, ಸಿಟ್ಟು ಬಂದಂತೆ ಬೆರಳು ಝಾಡಿಸುವುದು ಹೇಗೆ. ನನ್ನ ಕೈ ಮುಟ್ಟಬಾರದೆಂದು ತಮ್ಮ ಎಡಗೈಯಲ್ಲೇ ತಮ್ಮ ಬಲಗೈ ಹಿಡಿದು ಕಲಿತರು. ಚುರುಕು ಬುದ್ಧಿ, ಒಂದೇ ಸಲಕ್ಕೆ ಬಂತು. ಕಡೆಗೆ ಹೇಳಿದೆ, "ಎರಡೂ ಕೈಯಿಂದ ಶುರು ಮಾಡ್ರಿ. ಅವ್ರು ಜಗ್ಗತಾರ. ನಾಲ್ಕಕ್ಕ ಬಂದ್ರ ಬಿಟ್ಟುಬಿಡ್ರಿ. ನಾಲ್ಕು ಬಂದ್ರ ನೀವ ಗೆದ್ದಂಗ."

"ಗೂಟದಿಂದ ಹರಳು ಐದು ಮೊಳ ಅದಲ್ರಿ," ಅಂದರು.

"ಒಂದು ಮೊಳ, ರಾಯರ. ಒಂದು ಮೊಳಕ್ಕ ಜೀವ ಕಳಕೋತೀರೇನು?"

ಅವರು ಮತ್ತೆ ಎಡಗೈಯಲ್ಲಿ ಬಲಗೈ ಹಿಡಿದು ಬೆರಳು ಎಣಿಸಿಕೊಂಡರು.

ಮರುದಿನ ಅಡತಿಯ ಕಟ್ಟೆಯ ಮೇಲೆ ಜನ ಸೇರಿದರು. ಸದರ ಸಾಹೇಬರು ಕೂಡ ಕುತೂಹಲಕ್ಕೆ ಟಾಂಗಾ ನಿಲ್ಲಿಸಿ ಬಂದರು. ನನ್ನ ರುಮಾಲನ್ನೇ ಹಾಸಿದೆ. ಯಾರ ಕೈಯನ್ನೂ ಮುಟ್ಟದ ಮನುಷ್ಯ ಕೋಟಿನ ತೋಳು ಏರಿಸಿ ರುಮಾಲಿನೊಳಗೆ ಕೈ ಹಾಕಿದರು. ಧಣಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ತಮ್ಮ ಕೈ ಹಾಕಿದರು.

ರುಮಾಲು ಒಮ್ಮೆ ಅಲ್ಲಾಡಿತು. ಆಮೇಲೆ ಅಲ್ಲಾಡಲಿಲ್ಲ.

ಸೌದಾ ಅಂದರೆ ರುಮಾಲಿನ ಕೆಳಗೆ ಬೆಕ್ಕು ಹೊಕ್ಕ ಹಾಗಿರಬೇಕು. ಇಲ್ಲಿ ಸತ್ತ ಹಾಗೆ ಬಿದ್ದಿದೆ. ಧಣಿಯ ಭುಜ ಮಾತ್ರ ಜಗ್ಗುತ್ತಿದೆ, ರಾಯರು ಎದುರಿನ ಗೋಡೆ ನೋಡುತ್ತ ಕೂತಿದ್ದಾರೆ. ನನಗೆ ಹೊಳೆಯಿತು. ನಾನು ಕಲಿಸಿದ್ದನ್ನೆಲ್ಲ ಬಿಟ್ಟು ಈ ಮನುಷ್ಯ ಪಂಜಾ ಹಿಡಿದು ಕೂತುಬಿಟ್ಟಿದ್ದಾರೆ.

"ರಾಯರ, ಇದು ಸೌದಾ. ಸ್ವಲ್ಪ ಹಿಂದ ಮುಂದ ಆಗಬೇಕು," ಅಂದರು ಧಣಿ.

"ನಂದು ಹೇಳೀನ್ರಿ," ಅಂದರು ರಾಯರು.

ಹಮಾಲರು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಂಡರು. ಒಬ್ಬ ಸೀಟಿಗೆ ತುಟಿ ಸೇರಿಸಿ ತಯಾರಾಗಿ ನಿಂತ. ಧಣಿಯ ಹಣೆಯಲ್ಲಿ ಬೆವರು. ಕೈ ಎಳೆದರೆ ಪ್ಯಾಟಿಯೆಲ್ಲ ನೋಡುತ್ತದೆ, ಎಳೆಯದಿದ್ದರೆ ಈ ಮುದುಕ ಸಂಜೆಯವರೆಗೂ ಬಿಡುವ ಪೈಕಿ ಅಲ್ಲ. ನಾನು ರಾಯರ ಕಿವಿಯಲ್ಲಿ, "ನಾಲ್ಕು, ರಾಯರ, ನಾಲ್ಕು," ಅಂದೆ.

ಧಣಿ ಇದ್ದಕ್ಕಿದ್ದಂತೆ ಹೊಟ್ಟೆ ಕುಣಿಸಿ ನಗತೊಡಗಿದರು. "ಐದು. ಆತ್ರಿ, ಐದು. ಸದರ ಸಾಹೇಬ್ರ, ಬರಕೊಳ್ರಿ. ಆದ್ರ ನಂದೂ ಒಂದು ಮಾತು. ಇನ್ನ ನನ್ನ ಬಾಗಿಲ ಮುಂದ ಛತ್ರಿ ಬಿಚ್ಚಬಾರದು."

"ಕೆಲಸ ಏನದ್ರಿ ಬಿಚ್ಚಾಕ?" ಅಂದರು ರಾಯರು. ಕೈ ಹೊರಗೆ ತೆಗೆದು ಕೋಟಿನ ತೋಳು ಇಳಿಸಿದರು.

ಅವರು ಹೋದ ಮೇಲೆ ಧಣಿ ತಮ್ಮ ಅಂಗೈ ನೋಡಿಕೊಳ್ಳುತ್ತ ನನಗೆ ಹೇಳಿದರು, "ಕೈ ಕೆಂಡ ಸುಟ್ಟಂಗ ಸುಡ್ತಿತ್ತು ಮಾರಾಯ. ಬಿಸಿಲು ಒಳಗೇ ಹೊಕ್ಕದ ಅವ್ರಿಗೆ. ಆದ್ರೂ ಬಿಡ್ಲೇ ಇಲ್ಲ."

ರಾಯರ ಮನೆಯವರು ಆ ಸಂಜೆ, "ಇವತ್ತ ಯಾರ ಮನಿ ನಾಯಿರಿ?" ಅಂತ ಕೇಳಿದಾಗ, "ಇವತ್ತ ನಾಯಿ ಅಲ್ಲ, ಧಣಿ," ಅಂದರಂತೆ. ಬಿಂದಿಗೆಯ ನೀರು ಮಾತ್ರ ಬಿಡಲಿಲ್ಲ.

ಆಮೇಲೆ ಒಮ್ಮೆ ನನ್ನ ಜೊತೆ ಸವಾರಿ ಗಾಡಿಯಲ್ಲಿ ಕಮಲಾಪುರಕ್ಕೂ ಬಂದಿದ್ದರು. ಊರ ನಾಕೆ ದಾಟಿದ ಕೂಡಲೇ, "ಕಮಿಟಿ ಹದ್ದು ಮುಗೀತು. ಇಲ್ಲಿಂದ ಮುಂದ ನನಗ ಮಾತಾಡೂ ಹಕ್ಕಿಲ್ಲ," ಅಂದು ಕಣ್ಣು ಮುಚ್ಚಿ ಕೂತರು. ಮಹಾಗಾಂವದಲ್ಲಿ ಎತ್ತಿಗೆ ನೀರು ಕುಡಿಸಲು ನಿಂತೆವು. ಗಾಡಿ ಹೂಡಿದ ಮೇಲೆ ನೋಡಿದರೆ ರಾಯರಿಲ್ಲ. ಹಾದಿ ಮಗ್ಗುಲಲ್ಲಿ ಯಾರದೋ ಆಡು ಕಟ್ಟಿತ್ತು. ಅದಕ್ಕೆ ಛತ್ರಿ ಹಿಡಿದು ನಿಂತಿದ್ದರು. "ಹಕ್ಕಿಲ್ಲ ಅಂದ್ರಲ್ರಿ?" ಅಂದೆ. "ಮಾತಾಡಾಕ ಹಕ್ಕಿಲ್ಲ ಅಂದೆ. ನಿಲ್ಲಾಕ ಯಾರ ಹಕ್ಕ ಬೇಕ್ರಿ?" ಅಂದರು. ಆಡಿನ ಒಡತಿ ಬಂದು ಅದನ್ನು ಬೇವಿನ ಕೆಳಗೆ ಕಟ್ಟುವವರೆಗೂ ನಮ್ಮ ಗಾಡಿ ಕದಲಲಿಲ್ಲ.

ಅವರನ್ನು ಕೊಂದದ್ದು ಬಿಸಿಲಲ್ಲ. ಒಂದು ರಾತ್ರಿ, ತಮ್ಮ ಹಾಸಿಗೆಯಲ್ಲಿ, ಮುಪ್ಪಿನಿಂದ ಹೋದರು. ಸುದ್ದಿ ಸಿಕ್ಕ ಮೇಲೆ ಹೋಗಿ ಅವರ ಮನೆಯವರನ್ನು ಮಾತಾಡಿಸಿದೆ. ಏನಾದರೂ ಹೇಳಿ ಹೋದರೇನು ಅಂತ ಕೇಳಿದೆ. "ಅವ್ರು ಯಾರಿಗೆ ಏನ ಹೇಳ್ಯಾರ್ರಿ ಜೀವ ಇದ್ದಾಗ?" ಅಂದರು.

ತಿರುಗಿ ಬರುವಾಗ ಕಂಬಾರರ ಓಣಿಯಲ್ಲಿ ಒಂದು ಸರಪಳಿ ಕೊಳ್ಳಲು ನಿಂತೆ. ಕಮಲಾಪುರದ ನನ್ನ ಗೋದಾಮಿಗೆ ಹೊಸ ನಾಯಿ ತಂದಿದ್ದೆ. ಬಾಯಿ ರೂಢಿಯಂತೆ, ಇನ್ನೂ ಗಿಡ್ಡದ್ದು ಕೊಡು, ಅಗ್ಗಕ್ಕ ಕೊಡು ಅಂದಿತು.

"ಗಿಡ್ಡದು ಬರಂಗಿಲ್ರಿ ಸಾವಕಾರ್ರ," ಅಂದ ಕಂಬಾರ. "ನಾಯಿ ಸರಪಳಿ ಐದು ಮೊಳಾನೇ."

"ಯಾಕ?"

"ಗೊತ್ತಿಲ್ರಿ. ಮೊದಲಿಂದ ಹಂಗೇ ಅದ."

ಕೇಳಿದಷ್ಟು ಕೊಟ್ಟು ತಂದೆ. ಕಮಲಾಪುರಕ್ಕೆ ಕಮಿಟಿಯ ಹುಕುಂ ಇಲ್ಲ, ನನ್ನನ್ನು ಕೇಳುವವರೂ ಇಲ್ಲ. ನನ್ನ ಗೋದಾಮಿನ ಬಾಗಿಲೂ ಪಶ್ಚಿಮಕ್ಕೇ. ನಾಯಿಯನ್ನು ಹೊರಗಿನ ಗೂಟಕ್ಕೆ ಕಟ್ಟಿ ಹೊರಸು ಹಾಕಿಕೊಂಡು ಕೂತೆ. ಹೊತ್ತು ನೆತ್ತಿ ದಾಟಿತು. ನಾಯಿ ಎದ್ದು ಹೊಸ್ತಿಲಿಗೆ ಬಂತು. ಇನ್ನಷ್ಟು ಹೊತ್ತಿಗೆ ಹೊಸ್ತಿಲ ಮೇಲೂ ಬಿಸಿಲು ಬಿತ್ತು. ನಾಯಿ ಮತ್ತೆ ಎದ್ದು ಒಳಗೆ ಹೋಗಿ ಗೋಡೆಯ ಮಗ್ಗುಲು ಸೇರಿ, ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತು. ಸರಪಳಿ ಬಿಗಿದು ನಿಂತಿತ್ತು, ಒಂದು ಬೆರಳಿನಷ್ಟೂ ಸಡಿಲಿರಲಿಲ್ಲ.

ನಾನು ಎದ್ದು ಗೂಟದಿಂದ ನಾಲ್ಕು ಮೊಳ ಹಾಕಿದೆ. ಕೈ ಹೊಸ್ತಿಲ ಮೇಲೆ ಬಿತ್ತು. ಕಲ್ಲು ಕಾದಿತ್ತು, ಕೈ ಚುರ್ ಅಂದಿತು.